ಫ್ಯಾರಡೆಗೆ ಸಿಗದ ರೀಡಿಂಗ್ ತೊರಕೆಗೆ ಸಿಕ್ಕಿತು

ಬಿಇ ಓದುವ ನಮಗೆ ಮೈಕೆಲ್ ಫ್ಯಾರಡೆ ಎಂದರೆ ಎರಡು ನಿಯಮ, ಒಂದು ಚಿತ್ರ, ಪರೀಕ್ಷೆಯಲ್ಲಿ ಐದಾರು ಅಂಕ. ಸುರುಳಿಯೊಳಗೆ ಅಯಸ್ಕಾಂತ ಆಡಿಸಿದರೆ ವಿದ್ಯುತ್ ಹುಟ್ಟುತ್ತದೆ ಎಂದು ಬರೆದು, ಸೂತ್ರ ಹಾಕಿ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಈ ಮನುಷ್ಯ ಕೆಲಸಕ್ಕೆ ಅರ್ಜಿ ಹಾಕಿ ಉತ್ತರ ಬಾರದೆ ಕಾದದ್ದು, ಮೂರು ದಿನ ಸೇತುವೆಯ ಮೇಲೆ ಪ್ರಯೋಗ ಮಾಡಿ ಬರಿಗೈಯಲ್ಲಿ ಮರಳಿದ್ದು ನಮ್ಮ ಪಠ್ಯದಲ್ಲಿ ಇಲ್ಲ.

ನಾನು ಅವರ ಬದುಕನ್ನು ಓದತೊಡಗಿದ್ದು ಮೀನಿನ ದೆಸೆಯಿಂದ. ನಮ್ಮ ಮನೆ ಬಂಟ್ವಾಳದಲ್ಲಿ, ಅಜ್ಜಿಮನೆ ಬೆಳ್ತಂಗಡಿ ಕಡೆ, ಕಾಲೇಜು ಮೂಡುಬಿದಿರೆಯಲ್ಲಿ. ಮೂರೂ ಕಡೆ ಮಂಗಳೂರು ದಕ್ಕೆಯ ಮೀನು ಬರುತ್ತದೆ, ಅದರಲ್ಲಿ ತೊರಕೆಯೂ ಇರುತ್ತದೆ. ಶಾರ್ಕ್ ಮತ್ತು ತೊರಕೆಗಳು ನೀರಿನಲ್ಲಿ ವಿದ್ಯುತ್ತನ್ನು ಗುರುತಿಸುತ್ತವೆ ಎಂದು ಎಲ್ಲೋ ಓದಿ, ಹೇಗೆ ಎಂದು ಹುಡುಕುತ್ತಾ ಹೋದರೆ ದಾರಿ ಫ್ಯಾರಡೆಯ ಆ ಸೇತುವೆಗೆ ಬಂದು ನಿಂತಿತು. ಪ್ಲೇಸ್‌ಮೆಂಟ್, ಕೋಚಿಂಗ್, ರಿಜೆಕ್ಷನ್ ಮೇಲ್‌ಗಳ ಈ ಕಾಲದಲ್ಲಿ ಆ ಕಥೆಯನ್ನು ಹಂಚಿಕೊಳ್ಳಬೇಕು ಅನ್ನಿಸಿತು.

ಕಮ್ಮಾರನ ಮಗ

ಮೈಕೆಲ್ ಹುಟ್ಟಿದ್ದು 1791ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಅಂಚಿನ ನ್ಯೂವಿಂಗ್ಟನ್‌ನಲ್ಲಿ. ಅಪ್ಪ ಜೇಮ್ಸ್ ಕಮ್ಮಾರ. ಆರೋಗ್ಯ ಕೆಟ್ಟು ಎಷ್ಟೋ ದಿನ ಕೆಲಸಕ್ಕೆ ಹೋಗಲು ಆಗುತ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ಏರಿದಾಗ ಒಂಬತ್ತು ವರ್ಷದ ಹುಡುಗನ ಪಾಲಿಗೆ ವಾರಕ್ಕೆ ಒಂದು ಬ್ರೆಡ್ ಬರುತ್ತಿತ್ತು. ಅದನ್ನೇ ಏಳು ದಿನಕ್ಕೆ ಹೊಂದಿಸಿಕೊಳ್ಳಬೇಕಿತ್ತು. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಸ್ವಲ್ಪ ಲೆಕ್ಕ, ಅಷ್ಟೇ.

1804ರಲ್ಲಿ ಜಾರ್ಜ್ ರೀಬೋ ಎಂಬವರ ಪುಸ್ತಕದಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದ. ಮರುವರ್ಷ ಅಲ್ಲೇ ಏಳು ವರ್ಷದ ಕರಾರಿನ ಮೇಲೆ ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಕೆಲಸ ಕಲಿಯತೊಡಗಿದ. ಕಟ್ಟಲು ಬಂದ ಪುಸ್ತಕವನ್ನು ಓದಬೇಡ ಎಂದು ಮಾಲೀಕ ತಡೆಯಲಿಲ್ಲ, ಅದು ಹುಡುಗನ ಪುಣ್ಯ. ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ, ಜೇನ್ ಮಾರ್ಸೆಟ್ ಬರೆದ ರಸಾಯನಶಾಸ್ತ್ರದ ಸಂವಾದಗಳು ಅವನಿಗೆ ಸಿಕ್ಕಿದ್ದು ಹೀಗೆ. ಓದಿ ಸುಮ್ಮನಿರದೆ ತಾಮ್ರದ ನಾಣ್ಯ ಮತ್ತು ಸತುವಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ ಪುಟ್ಟ ಬ್ಯಾಟರಿಯನ್ನೂ ಮಾಡಿದ.

ಬಂಟ್ವಾಳ, ಬೆಳ್ತಂಗಡಿ ಕಡೆ ಅಮ್ಮ ಬೀಡಿ ಕಟ್ಟಿ ಮಕ್ಕಳ ಫೀಸು ಹೊಂದಿಸಿದ ಮನೆಗಳು ಎಷ್ಟೋ ಇವೆ. ಅಂಥ ಮನೆಯಿಂದ ಬಂದವರಿಗೆ ಮುಂದಿನ ಸಂಗತಿ ಬೇಗ ಅರ್ಥವಾದೀತು. 1810ರಲ್ಲಿ ಜಾನ್ ಟೇಟಮ್ ಎಂಬವರು ಸಂಜೆ ಹೊತ್ತು ವಿಜ್ಞಾನದ ಉಪನ್ಯಾಸ ಕೊಡುತ್ತಿದ್ದರು. ಒಂದು ಉಪನ್ಯಾಸಕ್ಕೆ ಒಂದು ಶಿಲಿಂಗ್. ಆ ಶಿಲಿಂಗ್ ಕೊಟ್ಟವನು ಅಣ್ಣ ರಾಬರ್ಟ್, ಅವನೂ ಕಮ್ಮಾರನೇ.

ಉತ್ತರ ಬಾರದ ಅರ್ಜಿ

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಹಂಫ್ರಿ ಡೇವಿ ಕೊಡುವ ಉಪನ್ಯಾಸಗಳ ಟಿಕೆಟ್ ಕೊಟ್ಟರು. ಡೇವಿ ಆಗಿನ ಕಾಲದ ಸ್ಟಾರ್ ವಿಜ್ಞಾನಿ. ನಾಲ್ಕು ಉಪನ್ಯಾಸ ಕೇಳಿದ ಹುಡುಗ ಮನೆಗೆ ಬಂದು ಎಲ್ಲವನ್ನೂ ಚಿತ್ರಸಮೇತ ನೀಟಾಗಿ ಬರೆದ. ಸುಮಾರು 300 ಪುಟ ಆಯಿತು. ಅದನ್ನು ತಾನೇ ಬೈಂಡ್ ಮಾಡಿದ.

ಅಷ್ಟರಲ್ಲಿ ಕರಾರು ಮುಗಿಯುತ್ತಾ ಬಂದಿತ್ತು. ಜೀವನಪೂರ್ತಿ ರಟ್ಟು ಕಟ್ಟುವುದು ಅವನಿಗೆ ಬೇಡವಾಗಿತ್ತು. ವಿಜ್ಞಾನದಲ್ಲಿ ಯಾವ ಕೆಲಸವಾದರೂ ಆದೀತು ಎಂದು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದ. ಉತ್ತರ ಬರಲಿಲ್ಲ. ಮುಂದೆ ಡೇವಿಗೇ ಬರೆದ, ಜೊತೆಗೆ ಆ 300 ಪುಟದ ಪುಸ್ತಕವನ್ನೂ ಕಳಿಸಿದ. ಡೇವಿ ಕರೆದು ಮಾತಾಡಿಸಿದರು, ಆದರೆ ಕೆಲಸ ಖಾಲಿ ಇರಲಿಲ್ಲ. ಕೈಯಲ್ಲಿರುವ ಕಸುಬನ್ನು ಬಿಡಬೇಡ, ಸಂಸ್ಥೆಯ ಪುಸ್ತಕಗಳನ್ನು ನಿನಗೇ ಬೈಂಡಿಂಗಿಗೆ ಕೊಡಿಸುತ್ತೇನೆ ಎಂಬ ಅರ್ಥದ ಬುದ್ಧಿಮಾತು ಹೇಳಿ ಕಳಿಸಿದರು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ವೇಟಿಂಗ್ ಲಿಸ್ಟ್. ಕೆಲವು ವಾರಗಳ ನಂತರ ಅಲ್ಲಿನ ಪ್ರಯೋಗಾಲಯ ಸಹಾಯಕ ಜಗಳ ಮಾಡಿ ಕೆಲಸ ಕಳೆದುಕೊಂಡ. ಡೇವಿಗೆ ತಕ್ಷಣ ನೆನಪಾದದ್ದು ಆ ಬೈಂಡ್ ಮಾಡಿದ ಪುಸ್ತಕದ ಹುಡುಗ. 1813ರ ಮಾರ್ಚ್ 1ರಂದು ನೇಮಕವಾಯಿತು. ವಾರಕ್ಕೆ 25 ಶಿಲಿಂಗ್ ಸಂಬಳ, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಕೆಲಸ ಅಂದರೆ ಉಪಕರಣ ತೊಳೆಯುವುದು, ಉಪನ್ಯಾಸಕ್ಕೆ ಸಾಮಾನು ಜೋಡಿಸುವುದು.

ಜಿನೋವಾದ ಮೀನು

ಅದೇ ವರ್ಷ ಅಕ್ಟೋಬರ್‌ನಲ್ಲಿ ಡೇವಿ ದಂಪತಿ ಯುರೋಪ್ ಪ್ರವಾಸ ಹೊರಟರು. ಫ್ಯಾರಡೆ ಜೊತೆಗೆ ಹೋದದ್ದು ಸಹಾಯಕರಾಗಿ. ಡೇವಿಯ ಆಳು ಬರಲು ಒಪ್ಪದ ಕಾರಣ ಆ ಚಾಕರಿಯೂ ಇವರ ತಲೆಗೆ ಬಂತು. ಒಂದೂವರೆ ವರ್ಷ ಆ ಅವಮಾನ ನುಂಗಿಕೊಂಡೇ ಅವರು ಯುರೋಪಿನ ದೊಡ್ಡ ವಿಜ್ಞಾನಿಗಳನ್ನು ಕಂಡರು. ಬ್ಯಾಟರಿ ಕಂಡುಹಿಡಿದ ಅಲೆಸ್ಸಾಂಡ್ರೊ ವೋಲ್ಟಾ ಅವರಲ್ಲೊಬ್ಬರು.

1814ರಲ್ಲಿ ಇಟಲಿಯ ಜಿನೋವಾ ಬಂದರಿನಲ್ಲಿ ಒಂದು ಪ್ರಯೋಗ ನಡೆಯಿತು. ಟಾರ್ಪಿಡೊ ಎಂಬ ಮೀನು ತೊರಕೆಯ ಬಳಗದ್ದು, ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಇಂಥ ವಿದ್ಯುತ್ ತೊರಕೆಗಳು ನಮ್ಮ ಅರಬ್ಬಿ ಸಮುದ್ರದಲ್ಲೂ ಇವೆ. ಆ ಶಾಕ್ ಬ್ಯಾಟರಿಯ ವಿದ್ಯುತ್ತಿನಂತೆ ನೀರನ್ನು ಅನಿಲಗಳಾಗಿ ಒಡೆಯುತ್ತದೆಯೇ ಎಂದು ಡೇವಿ ಪರೀಕ್ಷಿಸಿದರು. ನೀರು ಒಡೆಯಲಿಲ್ಲ. ಮೀನಿನ ವಿದ್ಯುತ್ತೂ ಬ್ಯಾಟರಿಯ ವಿದ್ಯುತ್ತೂ ಒಂದೇ ಹೌದೋ ಅಲ್ಲವೋ ಎಂಬ ಪ್ರಶ್ನೆ ಹಾಗೇ ಉಳಿಯಿತು. ಪಕ್ಕದಲ್ಲಿದ್ದ 22 ವರ್ಷದ ಸಹಾಯಕ ಎಲ್ಲವನ್ನೂ ನೋಡುತ್ತಿದ್ದರು.

ಸೇತುವೆಯ ಮೇಲೆ ಮೂರು ದಿನ

ಮುಂದಿನದು ನಮಗೆ ಸ್ವಲ್ಪ ಗೊತ್ತಿರುವ ಭಾಗ. 1821ರಲ್ಲಿ ಫ್ಯಾರಡೆ ಸಾರಾ ಬರ್ನಾರ್ಡ್ ಅವರನ್ನು ಮದುವೆಯಾದರು. ಅದೇ ವರ್ಷ ವಿದ್ಯುತ್ ಹರಿಯುವ ತಂತಿ ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ಮೋಟಾರಿನ ಮೂಲ ತೋರಿಸಿದರು. 1825ರಲ್ಲಿ ಬೆಂಜೀನ್ ಕಂಡುಹಿಡಿದರು. 1831ರ ಆಗಸ್ಟ್ 29ರಂದು ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ಸುತ್ತಿ, ಒಂದರಲ್ಲಿ ವಿದ್ಯುತ್ ಹಾಯಿಸಿ ನಿಲ್ಲಿಸಿದಾಗ ಇನ್ನೊಂದರಲ್ಲಿ ಕ್ಷಣಕಾಲ ವಿದ್ಯುತ್ ಹರಿಯುವುದನ್ನು ಕಂಡರು. ಇಂದಿನ ಟ್ರಾನ್ಸ್‌ಫಾರ್ಮರ್, ಜನರೇಟರ್ ಎಲ್ಲ ಆ ಕೆಲವು ವಾರಗಳ ಫಲ. ನೇತ್ರಾವತಿಯ ನೀರು ಶಂಭೂರಿನ ಘಟಕದಲ್ಲಿ ಟರ್ಬೈನ್ ತಿರುಗಿಸಿ ಕರೆಂಟ್ ಆಗುವುದೂ ಅದೇ ನಿಯಮದಿಂದ.

ಟರ್ಬೈನ್ ಇಲ್ಲದಿದ್ದರೆ? ಫ್ಯಾರಡೆಗೆ ಬಂದ ಮುಂದಿನ ಪ್ರಶ್ನೆ ಇದು. ಭೂಮಿಯೇ ಒಂದು ಅಯಸ್ಕಾಂತ. ನೀರು ವಿದ್ಯುತ್ ವಾಹಕ. ಹಾಗಾದರೆ ಹರಿಯುವ ನದಿ ಎಂದರೆ ಅಯಸ್ಕಾಂತದ ಎದುರು ಚಲಿಸುವ ತಂತಿಯ ಹಾಗೆಯೇ. ಒಂದು ದಡದಿಂದ ಇನ್ನೊಂದು ದಡಕ್ಕೆ ವೋಲ್ಟೇಜ್ ಹುಟ್ಟಲೇಬೇಕು.

1832ರ ಜನವರಿಯಲ್ಲಿ ಅನುಮತಿ ಪಡೆದು ಅವರು ಥೇಮ್ಸ್ ನದಿಯ ವಾಟರ್‌ಲೂ ಸೇತುವೆಗೆ ಹೋದರು. ಕೈಪಿಡಿಗೋಡೆಯ ಉದ್ದಕ್ಕೂ 960 ಅಡಿ ತಾಮ್ರದ ತಂತಿ ಎಳೆದರು. ಎರಡೂ ತುದಿಯಿಂದ ಲೋಹದ ತಗಡುಗಳನ್ನು ನೀರಿಗಿಳಿಸಿ, ನಡುವೆ ಗ್ಯಾಲ್ವನೋಮೀಟರ್ ಇಟ್ಟರು. ಸಮುದ್ರದ ಉಬ್ಬರವಿಳಿತಕ್ಕೆ ಥೇಮ್ಸ್ ಅಲ್ಲಿ ಮೇಲಕ್ಕೂ ಕೆಳಕ್ಕೂ ಹರಿಯುತ್ತದೆ. ಹರಿವು ತಿರುಗಿದಾಗ ಮುಳ್ಳೂ ತಿರುಗಬೇಕು ಎಂಬುದು ಲೆಕ್ಕ.

ಮುಳ್ಳು ಅಲ್ಲಾಡಿತು, ಆದರೆ ಮನಬಂದಂತೆ. ಎರಡು ದಡದ ನೀರಿನ ಶುದ್ಧತೆಯಲ್ಲಿ ವ್ಯತ್ಯಾಸ, ಉಷ್ಣತೆಯಲ್ಲಿ ವ್ಯತ್ಯಾಸ, ತಗಡುಗಳಲ್ಲಿ ವ್ಯತ್ಯಾಸ, ಬೆಸುಗೆಯಲ್ಲಿ ವ್ಯತ್ಯಾಸ, ಪ್ರತಿಯೊಂದೂ ತನ್ನದೇ ಸಣ್ಣ ವಿದ್ಯುತ್ ಹುಟ್ಟಿಸುತ್ತಿತ್ತು. ತಾಮ್ರ ತೆಗೆದು ಪ್ಲಾಟಿನಂ ಹಾಕಿದರು. ನಡುವಿನ ಕಮಾನುಗಳ ನೀರನ್ನು ಮಾತ್ರ ಆರಿಸಿಕೊಂಡರು. ಮೂರು ದಿನ ಕಳೆದರೂ ತೃಪ್ತಿಕರ ಫಲಿತಾಂಶ ಸಿಗಲಿಲ್ಲ.

ಇಲ್ಲಿ ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಹಿಡಿಸಿತು. ಅದೇ ಜನವರಿಯಲ್ಲಿ ರಾಯಲ್ ಸೊಸೈಟಿಗೆ ಕೊಟ್ಟ ಪ್ರತಿಷ್ಠಿತ ಬೇಕೇರಿಯನ್ ಉಪನ್ಯಾಸದ ಪ್ರಬಂಧದಲ್ಲಿ ಈ ಸೋಲನ್ನು ಬಿಡಿಸಿ ಬರೆದರು. ಏನು ಮಾಡಿದೆ, ಯಾವುದು ಅಡ್ಡಬಂತು ಎಂದು ಒಂದೊಂದಾಗಿ ಪಟ್ಟಿ ಕೊಟ್ಟರು. ಅಷ್ಟಾದರೂ ಹರಿವ ನೀರಿನಲ್ಲಿ ವಿದ್ಯುತ್ ಇರಲೇಬೇಕು ಎಂಬ ಮಾತನ್ನು ಕೈಬಿಡಲಿಲ್ಲ.

ಅವರು ಹುಡುಕುತ್ತಿದ್ದದ್ದು ಎಷ್ಟು ಎಂದು ನಾನು ಲೆಕ್ಕ ಹಾಕಿ ನೋಡಿದೆ. ಲಂಡನ್ನಿನಲ್ಲಿ ಭೂಮಿಯ ಕಾಂತಕ್ಷೇತ್ರದ ಲಂಬ ಭಾಗ ಈಗ ಸುಮಾರು 45 ಮೈಕ್ರೊಟೆಸ್ಲಾ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿದರೆ 960 ಅಡಿಗೆ ಸಿಗುವುದು 13 ಮಿಲಿವೋಲ್ಟ್. ಇದೇ ಪ್ರಯೋಗವನ್ನು ಪಾಣೆಮಂಗಳೂರು ಸೇತುವೆಯ ಮೇಲೆ ಮಾಡಿದರೆ? ಕಾಂತೀಯ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯಲ್ಲೇ ಹಾದುಹೋಗುವುದರಿಂದ ನಮ್ಮಲ್ಲಿ ಬಲರೇಖೆಗಳು ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿರುತ್ತವೆ. ಲಂಬ ಭಾಗ ಲಂಡನ್ನಿನ ಐದರಲ್ಲೊಂದು ಪಾಲು. ಹರಿವು 200 ಮೀಟರ್ ಅಗಲ ಎಂದುಕೊಂಡರೂ ಒಂದೂವರೆ ಎರಡು ಮಿಲಿವೋಲ್ಟ್‌ಗೆ ನಿಲ್ಲುತ್ತದೆ. ನಾನೂ ಗೆಳೆಯರೂ ಉಪ್ಪುನೀರಿನ ಟಬ್ಬಿನಲ್ಲಿ ಎರಡು ತಾಮ್ರದ ತಗಡು ಮುಳುಗಿಸಿ ಮಲ್ಟಿಮೀಟರ್ ಹಿಡಿದೆವು. ನೀರನ್ನು ಅಲ್ಲಾಡಿಸುವ ಮೊದಲೇ ಕೆಲವು ಮಿಲಿವೋಲ್ಟ್ ತೋರಿಸುತ್ತಿತ್ತು. ಒಂದು ತಗಡನ್ನು ಮರಳು ಕಾಗದದಿಂದ ಉಜ್ಜಿದರೆ ಅಂಕಿ ಬೇರೆ. ಫ್ಯಾರಡೆಯನ್ನು ಮೂರು ದಿನ ಕಾಡಿದ್ದು ಇದೇ.

ಮೀನಿನ ಕಡೆಗೆ ಮತ್ತೆ

ಸೇತುವೆಯಿಂದ ಮರಳಿದ ಫ್ಯಾರಡೆ ಕೈಕಟ್ಟಿ ಕೂರಲಿಲ್ಲ. 1833ರಲ್ಲಿ ಬ್ಯಾಟರಿ, ಘರ್ಷಣೆ, ಅಯಸ್ಕಾಂತ, ಪ್ರಾಣಿ, ಎಲ್ಲಿಂದ ಹುಟ್ಟಿದರೂ ವಿದ್ಯುತ್ ಒಂದೇ ಎಂದು ವಾದಿಸಿದರು. ಮರುವರ್ಷ ಎಲೆಕ್ಟ್ರೋಡ್, ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳನ್ನು ಬಳಕೆಗೆ ತಂದರು. 1838ರಲ್ಲಿ ಲಂಡನ್ನಿನ ಅಡಿಲೇಡ್ ಗ್ಯಾಲರಿಗೆ ದಕ್ಷಿಣ ಅಮೆರಿಕದಿಂದ ಜೀವಂತ ವಿದ್ಯುತ್ ಹಾವುಮೀನು ಬಂತು. ಸುಮಾರು ಒಂದು ಮೀಟರ್ ಉದ್ದದ್ದು. ಫ್ಯಾರಡೆ ಅದರ ಶಾಕಿನಿಂದ ಕಿಡಿ ಹೊರಡಿಸಿದರು, ಗ್ಯಾಲ್ವನೋಮೀಟರ್ ಮುಳ್ಳನ್ನು ಆಡಿಸಿದರು, ರಾಸಾಯನಿಕವನ್ನು ಒಡೆಸಿದರು. ಜಿನೋವಾದಲ್ಲಿ ಉಳಿದ ಪ್ರಶ್ನೆಗೆ 24 ವರ್ಷಗಳ ನಂತರ ಉತ್ತರ ಸಿಕ್ಕಿತು. ತೊಟ್ಟಿಯಲ್ಲಿ ಬೇರೆ ಬೇರೆ ಕಡೆ ಕೈಯಿಟ್ಟು, ಎಲ್ಲಿ ಶಾಕ್ ಜೋರು, ಎಲ್ಲಿ ಕಡಿಮೆ ಎಂದು ನೋಡಿ, ಮೀನಿನ ವಿದ್ಯುತ್ ಸುತ್ತಲಿನ ನೀರನ್ನೆಲ್ಲ ತುಂಬಿಕೊಳ್ಳುತ್ತದೆ ಎಂದೂ ತೋರಿಸಿದರು.

ಅತಿಯಾದ ದುಡಿತಕ್ಕೆ ದೇಹ ಬಾಗಿತು. 1840ರ ಹೊತ್ತಿಗೆ ತಲೆಸುತ್ತು, ಮರೆವು ಜೋರಾಗಿ ಕೆಲವು ವರ್ಷ ಕೆಲಸವನ್ನೇ ನಿಲ್ಲಿಸಬೇಕಾಯಿತು. ಮರೆವಿನ ಮನುಷ್ಯನಿಗೆ ಆಸರೆಯಾದದ್ದು ಅವರ ಪ್ರಯೋಗದ ದಿನಚರಿ. ಅದರಲ್ಲಿ ಒಂದೊಂದು ಟಿಪ್ಪಣಿಗೂ ಕ್ರಮಸಂಖ್ಯೆ ಇದೆ. ಅದು 16,000 ದಾಟುತ್ತದೆ. ಫಲ ಕೊಟ್ಟದ್ದೂ ಕೊಡದ್ದೂ ಎರಡೂ ಅಲ್ಲಿವೆ. 1845ರಲ್ಲಿ ಚೇತರಿಸಿಕೊಂಡು ಬೆಳಕಿನ ಮೇಲೆ ಅಯಸ್ಕಾಂತದ ಪ್ರಭಾವವನ್ನು ಕಂಡುಹಿಡಿದರು. ಗಣಿತ ಹೆಚ್ಚು ಬಾರದ ಅವರು ಬಲರೇಖೆಗಳ ಚಿತ್ರದಲ್ಲೇ ಯೋಚಿಸುತ್ತಿದ್ದರು. ಆ ಚಿತ್ರಗಳನ್ನು ಸಮೀಕರಣವಾಗಿಸಿದವರು ಯುವಕ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್.

ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಮನೆಬಾಗಿಲಿಗೆ ಬಂದಾಗ ಫ್ಯಾರಡೆ ಬೇಡವೆಂದರು. ಒಮ್ಮೆ ಅವರ ಅರ್ಜಿಗೆ ಉತ್ತರವನ್ನೇ ಕೊಡದ ಕುರ್ಚಿ ಅದು. 1867ರ ಆಗಸ್ಟ್ 25ರಂದು ಹ್ಯಾಂಪ್ಟನ್ ಕೋರ್ಟ್‌ನ ಮನೆಯಲ್ಲಿ ಕೊನೆಯುಸಿರೆಳೆದರು.

ಹೊಟ್ಟೆಯಡಿಯ ಚುಕ್ಕಿಗಳು

ಈಗ ತೊರಕೆಗೆ ಬರೋಣ. ಮುಂದಿನ ಸಲ ಮಾರುಕಟ್ಟೆಯಲ್ಲಿ ಇಡೀ ತೊರಕೆ ಸಿಕ್ಕಿದರೆ ಮಗುಚಿ ನೋಡಿ. ಕಣ್ಣು ಬೆನ್ನಿನ ಕಡೆ, ಬಾಯಿ ಹೊಟ್ಟೆಯ ಕಡೆ. ತಾನು ತಿನ್ನುವುದನ್ನು ಅದು ಕಣ್ಣಿಂದ ಕಾಣಲಾರದು. ಬಾಯಿಯ ಸುತ್ತ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಶಾರ್ಕ್‌ನ ಮೂತಿಯಲ್ಲೂ ಇವು ಇವೆ. ಪ್ರತಿ ತೂತಿನ ಹಿಂದೆ ಜೆಲ್ಲಿ ತುಂಬಿದ ನಾಳ, ನಾಳದ ಕೊನೆಯಲ್ಲಿ ಪುಟ್ಟ ಚೀಲ, ಚೀಲದ ಗೋಡೆಯಲ್ಲಿ ಸಂವೇದಿ ಕೋಶಗಳು. ಇಟಲಿಯ ಸ್ಟೆಫಾನೊ ಲೊರೆಂಜಿನಿ 1678ರಲ್ಲೇ ಇವನ್ನು ವಿವರಿಸಿದ್ದರು. ಉಪಯೋಗ ಏನೆಂಬುದು ಮಾತ್ರ ಮುಂದಿನ ಇನ್ನೂರೈವತ್ತಕ್ಕೂ ಹೆಚ್ಚು ವರ್ಷ ಗೊತ್ತಾಗಲಿಲ್ಲ. ಉಷ್ಣತೆ ಅಳೆಯುವ ಅಂಗ ಎಂದೂ ಕೆಲಕಾಲ ನಂಬಿದ್ದರು.

1960ರ ಸುಮಾರಿಗೆ ಇವು ವಿದ್ಯುತ್ತಿಗೆ ಸ್ಪಂದಿಸುತ್ತವೆ ಎಂದು ಬ್ರಿಟನ್ನಿನ ಮರ್ರೆ ತೋರಿಸಿದರು. ಡಚ್ ವಿಜ್ಞಾನಿ ಕಾಲ್ಮೈನ್ 1971ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿದೆ. ಚಪ್ಪಟೆ ಮೀನೊಂದನ್ನು ಅಗರ್ ಜೆಲ್ಲಿಯ ಗೂಡಿನಲ್ಲಿಟ್ಟು ಮರಳಿನಡಿ ಹೂತರು. ಕಣ್ಣಿಗೆ ಕಾಣದು, ವಾಸನೆಯೂ ನೇರವಾಗಿ ಹೊರಬಾರದು. ಶಾರ್ಕ್ ನೇರ ಅಲ್ಲಿಗೇ ಬಂದು ದಾಳಿ ಮಾಡಿತು. ಜೆಲ್ಲಿಯ ಮೇಲೆ ವಿದ್ಯುತ್ ಹಾಯದ ತೆಳು ಪ್ಲಾಸ್ಟಿಕ್ ಹಾಳೆ ಹೊದೆಸಿದಾಗ ಶಾರ್ಕ್‌ಗೆ ಬೇಟೆಯ ಸುಳಿವೇ ಸಿಗಲಿಲ್ಲ. ಮೀನಿನ ಬದಲು ಸಣ್ಣ ವಿದ್ಯುತ್ ಹರಿಸುವ ಎರಡು ಎಲೆಕ್ಟ್ರೋಡ್ ಹೂತಾಗ ಅವನ್ನೇ ಬೇಟೆಯೆಂದು ಬಗೆದು ಕೆದಕಿತು. ಉಸಿರಾಡುವ ಪ್ರತಿ ಮೀನಿನ ದೇಹದಿಂದಲೂ ಉಪ್ಪುನೀರಿಗೆ ಸಣ್ಣ ವಿದ್ಯುತ್ ಸೋರುತ್ತದೆ. ಅದನ್ನು ಶಾರ್ಕ್, ತೊರಕೆಗಳು ಸುಮಾರು ಒಂದು ಗೇಣು ದೂರದಿಂದ ಹಿಡಿಯುತ್ತವೆ.

ನೀರಿನ ಅಲುಗಾಟ ಹಿಡಿಯಲು ಇವಕ್ಕೆ ಇನ್ನೊಂದು ಅಂಗ ಇದೆ, ಪಾರ್ಶ್ವರೇಖೆ. ಚರ್ಮದಡಿಯ ಕಾಲುವೆಗಳಲ್ಲಿ ಕೂದಲಿನಂಥ ಎಳೆಗಳಿರುವ ಕೋಶಗಳು. ಹತ್ತಿರದಲ್ಲಿ ಏಡಿಯೋ ಮೀನೋ ಮಿಸುಕಿದರೆ ನೀರು ಒತ್ತುತ್ತದೆ, ಎಳೆ ಬಾಗುತ್ತದೆ, ಸುದ್ದಿ ಮೆದುಳಿಗೆ ಹೋಗುತ್ತದೆ. ನಮ್ಮ ಕಿವಿಯೊಳಗಿರುವುದೂ ಇದೇ ಜಾತಿಯ ಕೋಶಗಳು.

ಶಾರ್ಕ್‌ಗಳು ಗುರುತಿಸಿದ ಅತಿ ಸಣ್ಣ ಕ್ಷೇತ್ರ ಸೆಂಟಿಮೀಟರಿಗೆ 5 ನ್ಯಾನೊವೋಲ್ಟ್‌ನಷ್ಟು. ಟಾರ್ಚಿನ ಒಂದೂವರೆ ವೋಲ್ಟ್ ಸೆಲ್‌ನ ಒಂದು ತುದಿಯನ್ನು ಕನ್ಯಾಕುಮಾರಿಯಲ್ಲಿ, ಇನ್ನೊಂದನ್ನು 3,000 ಕಿಲೋಮೀಟರ್ ದೂರದ ಕಾಶ್ಮೀರದಲ್ಲಿ ಇಟ್ಟರೆ ನಡುವೆ ಪ್ರತಿ ಸೆಂಟಿಮೀಟರಿಗೆ ಬರುವ ಪಾಲು ಅಷ್ಟೇ. ಈಗ ಫ್ಯಾರಡೆಯ ಲೆಕ್ಕ ಹಾಕಿ. ನಮ್ಮ ಸಮುದ್ರದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಅದಕ್ಕೆ ಅಡ್ಡಲಾಗಿ ಸೆಕೆಂಡಿಗೆ ಒಂದು ಮೀಟರ್ ಈಜುವ ಶಾರ್ಕ್‌ನ ಮೈಯಲ್ಲಿ ಸೆಂಟಿಮೀಟರಿಗೆ 400 ನ್ಯಾನೊವೋಲ್ಟ್ ಹುಟ್ಟುತ್ತದೆ. ಅದರ ಮಿತಿಗಿಂತ 80 ಪಟ್ಟು ಜಾಸ್ತಿ. ಶಾರ್ಕ್ ತಿರುಗಿದಂತೆ ಈ ಕ್ಷೇತ್ರವೂ ಬದಲಾಗುತ್ತದೆ, ಅಂದರೆ ಅದು ದಿಕ್ಸೂಚಿಯಂತೆ ಬಳಕೆಗೆ ಬರಬಹುದು ಎಂಬುದು ಕಾಲ್ಮೈನ್ ವಾದ. ತೊಟ್ಟಿಯಲ್ಲಿ ಪಳಗಿಸಿದ ತೊರಕೆಗಳು ಕಾಂತಕ್ಷೇತ್ರದ ದಿಕ್ಕು ನೋಡಿ ಆಹಾರದ ಕಡೆ ಹೋಗಲು ಕಲಿತವು. ಕಡಲಿನಲ್ಲಿ ಇದನ್ನು ಎಷ್ಟರಮಟ್ಟಿಗೆ ಬಳಸುತ್ತವೆ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.

ಫ್ಯಾರಡೆಯನ್ನು ಸೋಲಿಸಿದ ಗದ್ದಲ ಮೀನಿಗೂ ಇದೆ. ಶಾರ್ಕ್ ಉಸಿರಾಡಿದಾಗಲೆಲ್ಲ ಅದರ ದೇಹವೇ ವಿದ್ಯುತ್ ಏರಿಳಿತ ಹುಟ್ಟಿಸುತ್ತದೆ. ಆದರೆ ಆ ಏರಿಳಿತ ಎಲ್ಲ ತೂತುಗಳಿಗೂ ಒಂದೇ ರೀತಿ ತಲುಪುತ್ತದೆ. ಹಿಮ್ಮೆದುಳು ಎಲ್ಲದಕ್ಕೂ ಸಮಾನವಾದದ್ದನ್ನು ಕಳೆದು, ವ್ಯತ್ಯಾಸವನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ಡಿಫರೆನ್ಶಿಯಲ್ ಆಂಪ್ಲಿಫೈಯರ್ ಎಂದು ಕೂಡಲೇ ಹೊಳೆಯುತ್ತದೆ. ನಾವು ಕಾಮನ್ ಮೋಡ್ ರಿಜೆಕ್ಷನ್ ಎಂದು ಬಾಯಿಪಾಠ ಮಾಡುವುದನ್ನು ಶಾರ್ಕ್‌ಗಳ ವಂಶ ತನ್ನ 40 ಕೋಟಿ ವರ್ಷದ ಬದುಕಿನಲ್ಲಿ ರೂಢಿಸಿಕೊಂಡಿದೆ.

ಮನುಷ್ಯರಿಗೂ ಆ ರೀಡಿಂಗ್ ಕೊನೆಗೆ ಸಿಕ್ಕಿತು. ಇಂಗ್ಲಿಷ್ ಕಾಲುವೆಯ ಉಬ್ಬರವಿಳಿತದಿಂದ ಹುಟ್ಟುವ ವೋಲ್ಟೇಜನ್ನು ಸಮುದ್ರದಡಿಯ ಕೇಬಲ್‌ಗಳಲ್ಲಿ ಅಳೆದರು. ದೊಡ್ಡ ನೀರಿನ ಕೊಳವೆಗಳಲ್ಲಿ ಹರಿವು ಅಳೆಯುವ ಮ್ಯಾಗ್ನೆಟಿಕ್ ಫ್ಲೋಮೀಟರ್ ವಾಟರ್‌ಲೂ ಸೇತುವೆಯ ಪ್ರಯೋಗವನ್ನೇ ಒಂದು ಪೈಪಿನೊಳಗೆ ಮಾಡುತ್ತದೆ. ಇನ್‌ಸ್ಟ್ರುಮೆಂಟೇಶನ್ ಕಡೆ ಕೆಲಸ ಹುಡುಕುವ ಗೆಳೆಯರು ಇಂಟರ್‌ವ್ಯೂಗೆ ಅದನ್ನು ಓದಿಕೊಂಡು ಹೋಗುತ್ತಾರೆ.

ಗೆಳೆಯರೇ, ಲ್ಯಾಬಿನಲ್ಲಿ ರೀಡಿಂಗ್ ಬಾರದಿದ್ದರೆ ಹಿಂದಿನ ಬ್ಯಾಚಿನ ರೆಕಾರ್ಡ್ ನೋಡಿ ಅಂಕಿ ತುಂಬುವುದು ಎಲ್ಲ ಕಡೆ ಇರುವ ರೂಢಿ. ಅಂಕ ಬರುತ್ತದೆ, ಸಮಯ ಉಳಿಯುತ್ತದೆ. ಫ್ಯಾರಡೆಯೂ ಸೇತುವೆಯ ಮೂರು ದಿನವನ್ನು ಪ್ರಬಂಧದಿಂದ ಬಿಟ್ಟುಬಿಡಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಬರೆದಿಟ್ಟ ಕಾರಣ, ಮುಂದೆ ಅಳೆಯಹೊರಟವರಿಗೆ ಯಾವ್ಯಾವ ಗದ್ದಲವನ್ನು ಕಳೆಯಬೇಕು ಎಂಬ ಪಟ್ಟಿ ಸಿದ್ಧವಾಗಿ ಸಿಕ್ಕಿತು. ನಮ್ಮ ಟಬ್ಬಿನ ಪ್ರಯೋಗದಲ್ಲಿ ನೀರಿನ ಹರಿವಿನಿಂದ ವೋಲ್ಟೇಜ್ ಕಾಣಿಸಲಿಲ್ಲ. ಮಿನಿ ಪ್ರಾಜೆಕ್ಟ್ ವರದಿಯಲ್ಲಿ ಅದನ್ನು ಹಾಗೆಯೇ ಬರೆದಿದ್ದೇವೆ. ತಗಡು ಉಜ್ಜಿದಾಗ ಎಷ್ಟು, ನೀರು ಬಿಸಿಯಾದಾಗ ಎಷ್ಟು, ಉಪ್ಪು ಹೆಚ್ಚಿದಾಗ ಎಷ್ಟು ಎಂಬ ಒಂದು ಪುಟದ ಕೋಷ್ಟಕವೂ ಜೊತೆಗಿದೆ. ವೈವಾದಲ್ಲಿ ಏನು ಕೇಳುತ್ತಾರೋ ನೋಡಬೇಕು.